ಫ್ರೇಮಿನ ಹೊರಗೆ ನಿಂತವನು

“ಆ ಶಾಟ್‌ನಲ್ಲಿ ಮಮ್ಮಿ ಯಾರನ್ನು ನೋಡ್ತಾ ಇರೋದು ಅಂತ ನಂಗೆ ಗೊತ್ತಾಯ್ತು ಡ್ಯಾಡಾ,” ಎಂದಳು ಪ್ರಿನ್ಸಿ, ಸ್ಕೂಲ್ ವ್ಯಾನಿನ ಗಡಿಬಿಡಿಯಲ್ಲಿ ದೋಸೆಯ ಅಂಚು ಮುರಿಯುತ್ತ. “ಮಮ್ಮಿಯೇ ಹೇಳಿದ್ದು. ನನ್ನ ಇಡೀ ಅನಾಲಿಸಿಸ್ ಉಲ್ಟಾ ಆಯ್ತು. ಇಟ್ಸ್ ಸೋ ಮಚ್ ಬೆಟರ್ ನೌ. ಈಗ ಹೇಳುದಿಲ್ಲ, ಸಂಜೆ ಪ್ರಾಕ್ಟೀಸ್ ಮಾಡುವಾಗ ಕೂತು ಕೇಳಿ.” ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟಳು. ಗ್ಲಾಡ್ವಿನ್ ಬಾಯಲ್ಲಿದ್ದ ತುತ್ತನ್ನು ಅಗಿಯುವುದೋ ನುಂಗುವುದೋ ತಿಳಿಯದೆ ಕುಳಿತ. ಯಾರನ್ನು ಎಂದರೆ ಏನರ್ಥ? ಆ ನೋಟದ ಆಚೆ ತುದಿಯಲ್ಲಿ ಒಬ್ಬ ಯಾರೋ ಇದ್ದನೇ? ಇಷ್ಟು ವರ್ಷದ ಸಂಸಾರದಲ್ಲಿ ಅವನಿಗೆ ಈ ಪ್ರಶ್ನೆ ಒಮ್ಮೆಯೂ ಹುಟ್ಟಿರಲಿಲ್ಲ. ಉತ್ತರ ತನ್ನ ಜೇಬಿನಲ್ಲೇ ಇದೆಯೆಂದು ನಂಬಿದವನಿಗೆ ಪ್ರಶ್ನೆ ಹುಟ್ಟುವುದಾದರೂ ಹೇಗೆ? ಅಡುಗೆಮನೆಯಲ್ಲಿ ಮಾರ್ಸೆಲಿನ್ ಟಿಫಿನ್ ಡಬ್ಬಿಯ ಮುಚ್ಚಳ ಒತ್ತುತ್ತ ಏನನ್ನೋ ಗುನುಗುತ್ತಿದ್ದಳು. ಅವಳು ಗುನುಗುವುದು ಹೊಸತೇನಲ್ಲ. ಇವತ್ತು ಮಾತ್ರ ಅದು ಅವನಿಗೆ ಬೇಡದ ಸದ್ದಾಗಿ ಕೇಳಿಸಿತು.

ಸಂಗತಿ ಇಷ್ಟು. ಪ್ರಿನ್ಸಿ ಹನ್ನೆರಡನೇ ಕ್ಲಾಸಿನಲ್ಲಿ ಮಾಸ್ ಮೀಡಿಯಾ ಎಂಬ ವಿಷಯ ತೆಗೆದುಕೊಂಡಿದ್ದಾಳೆ. ಒಂದು ಮ್ಯೂಸಿಕ್ ವಿಡಿಯೋ ಆರಿಸಿ, ಮಾಧ್ಯಮ ಸಿದ್ಧಾಂತಗಳನ್ನು ಹಿಡಿದು ಅದನ್ನು ಎಳೆಎಳೆಯಾಗಿ ಬಿಡಿಸಿ ಕ್ಲಾಸಿನ ಮುಂದೆ ಮಂಡಿಸಬೇಕು. ಉಳಿದ ಮಕ್ಕಳು ಕೊರಿಯಾದ ಹುಡುಗರ ಕುಣಿತ, ಹಿಂದಿ ಹಾಡು ಅಂತ ಹೋದರೆ ಇವಳು ಟೀವಿ ಸ್ಟ್ಯಾಂಡಿನ ಕೆಳಗಿನಿಂದ ಒಂದು ಹಳೇ ವಿಸಿಡಿ ಎಳೆದು ತಂದಳು. ಗ್ಲಾಡ್ವಿನ್ ಮಸ್ಕತ್ತಿಗೆ ಬಂದ ಹೊಸತರಲ್ಲಿ, ಮದುವೆಗೆ ಮೊದಲು, ತಾನೇ ಹಾಡು ಕಟ್ಟಿ, ತಾನೇ ಹಾಡಿ, ತಾನೇ ಹೀರೋ ಆಗಿ ಹೊರತಂದ ಕೊಂಕಣಿ ಆಲ್ಬಮ್ ಅದು. ಅಲ್ಲಿನ ರಜಾದಿನವಾದ ಶುಕ್ರವಾರದ ಪೂಜೆ ಮುಗಿಸಿ ರೂವಿ ಚರ್ಚಿನಿಂದ ಹೊರಬರುವವರ ಕೈಗೆ ಗೆಳೆಯರು ಅದನ್ನು ತುರುಕಿದ್ದರು. ಉಳಿದದ್ದೆಲ್ಲ ಕಂಡಕಂಡವರ ಬರ್ತ್‌ಡೇಗೆ ಉಡುಗೊರೆಯಾಗಿ ಹೋಯಿತು. ಹಾಡಿನಲ್ಲಿ ದೊಡ್ಡ ಕಥೆಯೇನಿಲ್ಲ. ಹುಡುಗ ಸಮುದ್ರದ ದಂಡೆಯಲ್ಲಿ ನಿಂತು ಒಮ್ಮೆ ಇತ್ತ ನೋಡೆಂದು ಬೇಡಿಕೊಳ್ಳುತ್ತಾನೆ, ಹುಡುಗಿ ಕೊನೆಯ ಚರಣದಲ್ಲಿ ನೋಡುತ್ತಾಳೆ. ಆ ಹುಡುಗಿ ಮಾರ್ಸೆಲಿನ್. ಆದರೆ ಹುಡುಗ ನಿಂತದ್ದು ಸೀಬ್‌ನ ಸಮುದ್ರದ ಎದುರು, ಹುಡುಗಿ ನಿಂತದ್ದು ಇಬ್ರಿಯ ಒಂದು ಖರ್ಜೂರದ ತೋಟದಲ್ಲಿ. ನಡುವೆ ಕಾರಿನಲ್ಲಿ ಅರ್ಧ ದಿನ ತಿನ್ನುವ ದಾರಿ. ಮಾರ್ಸೆಲಿನಳ ಅಪ್ಪ ಲಿಗೋರಿ ಆಗ ಇಬ್ರಿಯ ಆಸ್ಪತ್ರೆಯೊಂದರಲ್ಲಿ ಲಾಂಡ್ರಿ ಸೂಪರ್‌ವೈಸರ್. ಮಗಳು ಹಟ ಹಿಡಿದದ್ದಕ್ಕೆ, ಪಾದ್ರಿಗಳೂ ಒಂದು ಮಾತು ಹೇಳಿದ್ದಕ್ಕೆ, ಒಪ್ಪಿದ್ದರು. ಆದರೆ ಷರತ್ತು ಹಾಕಿದ್ದರು: ಆ ಹುಡುಗ ಇಬ್ರಿಗೆ ಕಾಲಿಡಕೂಡದು, ಇಬ್ಬರೂ ಒಂದೇ ಚಿತ್ರದಲ್ಲಿ ಕಾಣಕೂಡದು. ಮದುವೆಯಾಗಬೇಕಾದ ಹುಡುಗಿ, ನಾಳೆ ಊರಲ್ಲಿ ಯಾರಾದರೂ ಬೆರಳು ತೋರಿಸಿದರೆ? ಹಾಗಾಗಿ ಕ್ಯಾಮೆರಾ ಕೆಲಸದ ಗೆಳೆಯ ಸ್ಟ್ಯಾನ್ಲಿ ಒಂದು ಶುಕ್ರವಾರ ಇಬ್ರಿಗೆ ಹೋಗಿ ಅವಳನ್ನು ಚಿತ್ರದಲ್ಲಿ ಹಿಡಿದು ತಂದ, ಇನ್ನೊಂದು ಶುಕ್ರವಾರ ಸೀಬ್‌ನಲ್ಲಿ ಇವನನ್ನು ಹಿಡಿದ, ಕಂಪ್ಯೂಟರಿನಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದ.

ಮಗಳು ಈ ವಿಡಿಯೋ ಆರಿಸಿದಾಗ ಗ್ಲಾಡ್ವಿನ್ ಒಳಗೊಳಗೇ ಉಬ್ಬಿಹೋಗಿದ್ದ. ಊರವರು ಮರೆತದ್ದಕ್ಕೆ ಕೊನೆಗೂ ಒಂದು ಸಿದ್ಧಾಂತ ಬಂತಲ್ಲ! ಮೊದಲ ವಾರ ಅವಳು ಹೇಳಿದ್ದು ಅವನಿಗೆ ಅರ್ಧಂಬರ್ಧ ಅರ್ಥವಾಗಿತ್ತು. ಇಂಥ ಹಾಡುಗಳಲ್ಲಿ ಗಂಡು ನೋಡುತ್ತಾನಂತೆ, ಹೆಣ್ಣು ನೋಡಿಸಿಕೊಳ್ಳುತ್ತಾಳಂತೆ. ಕ್ಯಾಮೆರಾ ಎಂದರೆ ಹುಡುಗನ ಕಣ್ಣೇ ಅಂತೆ. ಹುಡುಗಿಗೆ ತನ್ನದೆಂಬ ನೋಟವೇ ಇಲ್ಲ. ಕೊನೆಗೆ ಅವಳು ನೋಡುವುದೂ ಹುಡುಗನಿಗೆ ಸಿಕ್ಕ ಬಹುಮಾನ, ಎಡಿಟಿಂಗ್ ಕೊಟ್ಟ ಬಹುಮಾನ. ಮಾಡಿದವರು ಯಾವ ಅರ್ಥವನ್ನು ಬಾಯಿಗಿಡುತ್ತಾರೋ ಅದನ್ನೇ ನುಂಗುವ ಪ್ರೇಕ್ಷಕನಿಗೂ ಒಂದು ಹೆಸರಿತ್ತು. “ಡ್ಯಾಡಾ, ಅದು ನೀವು,” ಎಂದಿದ್ದಳು. “ವಿಡಿಯೋ ಹೇಳಿದ್ದನ್ನೆಲ್ಲ ನಂಬುವವರು.” “ವಿಡಿಯೋ ಮಾಡಿದ್ದೇ ನಾನಲ್ವಾ ಮಾರಾಯ್ತಿ?” ಎಂದಿದ್ದ ಇವನು. “ಎಕ್ಸಾಕ್ಟ್ಲಿ. ಅದೇ ಪ್ರಾಬ್ಲೆಮ್.” ಅವತ್ತು ಎಲ್ಲರೂ ನಕ್ಕಿದ್ದರು, ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ ಮಾವನನ್ನು ಬಿಟ್ಟು. ಲಿಗೋರಿ ನಿವೃತ್ತರಾಗಿ ಊರಿಗೆ ಹೋದವರು, ಈಗ ವಿಸಿಟ್ ವೀಸಾದಲ್ಲಿ ಮಗಳ ಮನೆಗೆ ಬಂದು ಕೂತಿದ್ದಾರೆ. ಅವರು ನಗುವುದು ಅಪರೂಪ, ಅಳಿಯನ ವಿಷಯದಲ್ಲಂತೂ ಇಲ್ಲವೇ ಇಲ್ಲ.

ಕಾರು ಎಕ್ಸ್‌ಪ್ರೆಸ್‌ವೇ ಹತ್ತುವವರೆಗೂ ಗ್ಲಾಡ್ವಿನ್ ತಡೆದುಕೊಂಡ. ಮಾರ್ಸೆಲಿನ್‌ಗೆ ಒಂದು ದಂತವೈದ್ಯರ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ ಕೆಲಸ, ಅವಳನ್ನು ಅಲ್ಲಿಳಿಸಿ ಅವನು ಆಫೀಸಿಗೆ ಹೋಗಬೇಕು.

“ಪ್ರಿನ್ಸಿ ಹತ್ರ ಎಂತ ಹೇಳಿದ್ದು ನೀನು?”

“ಕೇಳಿದ್ದಕ್ಕೆ ಉತ್ತರ ಹೇಳಿದೆ.”

“ಅದನ್ನು ನಂಗೆ ಹೇಳ್ಲಿಕ್ಕೆ ಎಂತ ಕಷ್ಟ?”

ಮಾರ್ಸೆಲಿನ್ ಕನ್ನಡಿ ಕೆಳಗೆಳೆದು ಹುಬ್ಬಿನ ಮೇಲಿನ ಪೌಡರ್ ಒರೆಸಿಕೊಂಡಳು. “ನೀನು ಕೇಳ್ಲಿಲ್ಲ ಅಲ್ವಾ ಗ್ಲಾಡ್, ಇಷ್ಟು ವರ್ಷ?” ಎಂದಳು. ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ತುಟಿಯ ಒಂದು ಕೊನೆಯಲ್ಲಿ ನಗು ಮಾತ್ರ ಇತ್ತು. “ಸಂಜೆ ಗೊತ್ತಾಗ್ತದೆ ಬಿಡು. ಮಗಳ ಸರ್ಪ್ರೈಸ್ ಹಾಳು ಮಾಡ್ಬೇಡ.” ಕ್ಲಿನಿಕ್ಕಿನ ಮುಂದೆ ಇಳಿದು ಬಾಗಿಲು ಹಾಕಿ ಹೋದಳು. ಹಿಂದಿದ್ದ ಗಾಡಿ ಹಾರ್ನ್ ಮಾಡಿತು, ಗ್ಲಾಡ್ವಿನ್‌ಗೆ ತಾನು ಅಡ್ಡ ನಿಂತಿದ್ದೇನೆಂಬುದೇ ಮರೆತುಹೋಗಿತ್ತು. ಕೇಳಲಿಲ್ಲ, ನಿಜ. ಕೇಳುವುದು ಎಂದರೆ ಅನುಮಾನಿಸಿದ ಹಾಗೆ ಎಂದುಕೊಂಡಿದ್ದ. ಸುಳ್ಳು. ಕೇಳುವ ಅಗತ್ಯವೇ ಕಂಡಿರಲಿಲ್ಲ, ಅಷ್ಟೊಂದು ಸೊಕ್ಕು. ಸ್ಟ್ಯಾನ್ಲಿಯ ಆ ರೂವಿಯ ರೂಮು, ಒಂದರ ಮೇಲೊಂದು ಮಂಚ, ಮೂಲೆಯಲ್ಲಿ ಡಬ್ಬದಂಥ ಮಾನಿಟರ್, ಸ್ಟೌ ಮೇಲೆ ಯಾರದೋ ಮೀನು ಸಾರು. ಬೆವರು ಒರೆಸಿಕೊಳ್ಳುತ್ತ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತಿದ್ದವನ ಎದುರು ಮೊದಲ ಬಾರಿಗೆ ಆ ಮುಖ ಬಂದಿತ್ತು. ತಗ್ಗಿಸಿದ ತಲೆ ಎತ್ತುತ್ತಾಳೆ. ಮೊದಲು ಕಣ್ಣು ಅಗಲವಾಗುತ್ತದೆ, ನಂಬಲಾಗದ್ದನ್ನು ಕಂಡವರಂತೆ. ಆಮೇಲೆ ನಗು ಬರುತ್ತದೆ, ತಡೆಯಲು ನೋಡುತ್ತಾಳೆ, ಆಗುವುದಿಲ್ಲ, ಇಡೀ ಮುಖವೇ ನಗುವಾಗುತ್ತದೆ, ಕಣ್ಣಲ್ಲಿ ನೀರು ನಿಲ್ಲುತ್ತದೆ. ಅಷ್ಟರಲ್ಲಿ ಕ್ಯಾಮೆರಾ ಸಣ್ಣಗೆ ನಡುಗುತ್ತದೆ, ಶಾಟ್ ಮುಗಿಯುತ್ತದೆ. ಇನ್ನೊಮ್ಮೆ ಹಾಕು ಎಂದಿದ್ದ. ಇನ್ನೊಮ್ಮೆ. “ಎಂತ ಮಾರಾಯ, ಹಾರ್ಡ್ ಡಿಸ್ಕ್ ತೂತಾಗ್ತದೆ,” ಎಂದು ಸ್ಟ್ಯಾನ್ಲಿ ಬೈದಿದ್ದ. ತನ್ನ ಜೀವಮಾನದಲ್ಲಿ ಯಾರೂ ತನ್ನನ್ನು ಹಾಗೆ ನೋಡಿರಲಿಲ್ಲ, ಹೆತ್ತ ತಾಯಿಯೂ. ಅವಳು ನೋಡಿದ್ದು ತನ್ನನ್ನಲ್ಲ ಎಂದು ಬುದ್ಧಿಗೆ ಗೊತ್ತಿತ್ತು, ಗೊತ್ತಿಲ್ಲದೆ ಏನು? ಆದರೆ ಅದು ಯಾರನ್ನೂ ಅಲ್ಲದ ನೋಟ, ಬರೀ ಗಾಳಿಯ ಕಡೆಗೆ ಬಿಟ್ಟದ್ದು. ತಾನು ಆ ಜಾಗದಲ್ಲಿ ಹೋಗಿ ನಿಂತರೆ ತನ್ನದಾಗುತ್ತದೆ ಎಂದುಕೊಂಡಿದ್ದ. ಹೋಗಿ ನಿಂತ. ಸಂಬಂಧ ಕೇಳಿಸಿದ, ಮದುವೆಯಾದ.

ಅವನ ಕಂಪನಿ ಅಲ್ಯುಮಿನಿಯಂ ಕಿಟಕಿ, ಬಾಗಿಲು ಮಾಡುತ್ತದೆ. ಅಳತೆ ತೆಗೆದು ಅಂದಾಜು ಕೊಡುವುದು ಅವನ ಕೆಲಸ. ಅವತ್ತು ಅಲ್ ಅಮೇರಾತ್‌ನ ಹೊಸ ಮನೆಯೊಂದರಲ್ಲಿ ಅಳತೆಯಿತ್ತು. ಮನೆಯೊಡತಿ ಹಲೀಮಾ ಒಮಾನಿ ಟೀಚರ್, ಚುರುಕು ಹೆಂಗಸು, ಅರಬಿಗೆ ಉರ್ದು ಬೆರೆಸಿ ಮಾತಾಡುತ್ತಾರೆ. ಅತಿಥಿಗಳನ್ನು ಕೂರಿಸುವ ಮಜ್ಲಿಸಿನ ಕಿಟಕಿಗೆ ಎಂಥ ಗಾಜು ಬೇಕೆಂದು ಅವರಿಗೆ ಸ್ಪಷ್ಟವಿತ್ತು: ಒಳಗಿನಿಂದ ತನಗೆ ಬೀದಿ ಕಾಣಬೇಕು, ಬೀದಿಯವರಿಗೆ ತಾನು ಕಾಣಬಾರದು. ಗ್ಲಾಡ್ವಿನ್ ಯಾಂತ್ರಿಕವಾಗಿ ಸ್ಯಾಂಪಲ್ ತೋರಿಸಿದ. ಇದು ಕನ್ನಡಿ ಗಾಜು ಮ್ಯಾಡಂ, ಹಗಲಲ್ಲಿ ಹೊರಗಿನವನಿಗೆ ತನ್ನ ಮುಖವೇ ಕಾಣುತ್ತದೆ. ಒಳಗೆ ನೋಡುತ್ತಿದ್ದೇನೆ ಎಂದುಕೊಂಡು ತನ್ನನ್ನೇ ನೋಡಿಕೊಳ್ಳುತ್ತಾನೆ. ಗಿರಾಕಿಗಳಿಗೆ ಎಷ್ಟೋ ಸಲ ಹೇಳಿದ ಮಾತು ಇದು. ಇವತ್ತು ಹೇಳಿ ಮುಗಿಸುವ ಹೊತ್ತಿಗೆ ಸ್ಯಾಂಪಲನ್ನು ಮಗುಚಿಟ್ಟ. ಹಲೀಮಾ ನಗಾಡಿ, ಗಂಡಸರಿಗೆ ಅದೇ ಸರಿ ಎಂದರು. ಟೇಪಿನ ಅಳತೆ ತಪ್ಪಿ ಎರಡನೇ ಸಲ ಹಿಡಿಯಬೇಕಾಯಿತು. “ತಬಿಯತ್ ಠೀಕ್ ಹೈ?” ಎಂದು ಅವರು ಖರ್ಜೂರ, ಅರಬಿ ಕಾಫಿ ಕಾವಾ ತರಿಸಿ ಕೂರಿಸಿದರು. ಗುರುತಿಲ್ಲದ ಮನೆಯಲ್ಲಿ, ಇನ್ನೂ ಗಾರೆಯ ವಾಸನೆಯ ಕೋಣೆಯಲ್ಲಿ, ಸಣ್ಣ ಬಟ್ಟಲಿನ ಬಿಸಿ ಕಾವಾ ಹಿಡಿದು ಕೂತವನಿಗೆ ಅಳು ಬರುವಂತಾದದ್ದು ನಾಚಿಕೆಗೇಡು. ಶುಕ್ರನ್ ಎಂದು ಗಟ್ಟಿಯಾಗಿ ಧನ್ಯವಾದ ಹೇಳಿ ಎದ್ದ.

ಕಾರಿನಲ್ಲಿ ಏಸಿ ಹಾಕಿ, ಮಗಳು ವಾಟ್ಸಾಪ್ ಗ್ರೂಪಿಗೆ ಹಾಕಿದ್ದ ವಿಡಿಯೋ ತೆಗೆದ. ಕೊನೆಯ ಚರಣಕ್ಕೆ ಬೆರಳು ಎಳೆದ. ನೋಡು, ಕ್ಯಾಮೆರಾ ನಡುಗಿತು. ಈ ನಡುಕವನ್ನು ಅವನು ಯಾವತ್ತೂ ಲೆಕ್ಕಕ್ಕೆ ಹಿಡಿದವನಲ್ಲ. ಕ್ಯಾಮೆರಾ ಹಿಡಿದವನು ಸ್ಟ್ಯಾನ್ಲಿ. ಆಗ ಸ್ಟ್ಯಾನ್ಲಿ ಎಂದರೆ ಉದ್ದ ಕೂದಲು, ಗಿಟಾರು, ಹುಡುಗಿಯರು ಅವನ ಹಿಂದೆ. ಚಂದದ ಹುಡುಗಿಯೊಬ್ಬಳು ನೇರ ಕಣ್ಣಿಟ್ಟು ನಕ್ಕರೆ ಯಾವನ ಕೈ ನಡುಗುವುದಿಲ್ಲ? ಗ್ಲಾಡ್ವಿನ್ ಮತ್ತೆ ನೋಡಿದ. ಇಲ್ಲ, ಕಣ್ಣು ಕ್ಯಾಮೆರಾದ ಮೇಲಿಲ್ಲ, ಒಂದಿಷ್ಟು ಪಕ್ಕಕ್ಕಿದೆ. ಸಮಾಧಾನವಾಗುವಷ್ಟರಲ್ಲಿ, ಜನ್ಮದಲ್ಲಿ ಮೊದಲ ಸಲ, ಅವನ ಕಣ್ಣು ಅವಳ ಮುಖ ಬಿಟ್ಟು ಕೆಳಗಿಳಿಯಿತು. ಚಿತ್ರದ ಕೆಳಮೂಲೆಯಲ್ಲಿ, ಮರಳಿನ ಮೇಲೆ, ನೆರಳೊಂದಿತ್ತು. ಮರದ್ದಲ್ಲ. ಒಂದು ತಲೆ, ಮೇಲೆತ್ತಿದ ಒಂದು ಕೈ. ತೆಳ್ಳಗಿನ ಗಂಡಸು. ಬಾ ಎಂದು ಕರೆಯುತ್ತಿದ್ದ ಕೈ.

ಎಷ್ಟು ಸಲ ನೋಡಿದ್ದ ಆ ಶಾಟನ್ನು! ನೆರಳು ಅಲ್ಲೇ ಇತ್ತು, ಎಲ್ಲ ಸಲವೂ. ಕಂಪನಿ ಮುಚ್ಚಿ ವೀಸಾ ಕೊಟ್ಟ ಕಫೀಲ್ ಪಾಸ್‌ಪೋರ್ಟ್ ಕೊಡದೆ ಸತಾಯಿಸಿದ ದಿನಗಳಲ್ಲಿ, ಕೊರೋನಾದಲ್ಲಿ ಅರ್ಧ ಸಂಬಳವಾದಾಗ, ಮಾರ್ಸೆಲಿನ್ ಮುನಿಸಿಕೊಂಡು ಮಾತು ಬಿಟ್ಟಾಗ, ಅವನು ಮನಸ್ಸಿನಲ್ಲೇ ಆ ಮುಖವನ್ನು ತೆಗೆದು ನೋಡಿಕೊಳ್ಳುತ್ತಿದ್ದ. ನನ್ನನ್ನು ಹಾಗೆ ನೋಡಿದವಳು ಇವಳು ಎಂದುಕೊಂಡರೆ ಸಾಕು, ಜಗಳದ ಅರ್ಧ ಅಲ್ಲೇ ಮುಗಿಯುತ್ತಿತ್ತು. ತಾನೇ ಹೋಗಿ ಚಹಾ ಮಾಡಿ ಕೊಡುತ್ತಿದ್ದ. ಆ ನೋಟ ಇನ್ನೊಬ್ಬನದಾದರೆ ತಾನು ಬದುಕಿದ್ದು ಯಾವುದರ ಮೇಲೆ? ಸ್ಟ್ಯಾನ್ಲಿಯಲ್ಲ, ಮೂರನೆಯವನೊಬ್ಬ. ಇಬ್ರಿಯವನಿರಬೇಕು. ಆಸ್ಪತ್ರೆಯ ಕಾಂಪೌಂಡರೋ, ಕ್ವಾಯರ್‌ನಲ್ಲಿ ಹಾಡುವವನೋ. ಶೂಟಿಂಗಿಗೆ ಅವಳ ಅಪ್ಪ ಕಾವಲಿಗೆ ಬಂದಿದ್ದರಲ್ಲ ಎಂದರೆ, ಅವರು ಕಾರಿನಿಂದ ಇಳಿಯಲೇ ಇಲ್ಲ. ಆ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ, ಲಿಗೋರಿಯೇ ಹೇಳುವುದು: ಗಾಜು ಏರಿಸಿ, ಕೈಯಲ್ಲಿ ಜಪಮಾಲೆ ಹಿಡಿದು, ಜಪದ ಮೂರೂ ಸುತ್ತು ಮುಗಿಸಿದೆ, ಆ ನಾಟಕವನ್ನು ಕಣ್ಣೆತ್ತಿ ನೋಡಲಿಲ್ಲ. ಸರಿ, ಮುದುಕರು ಕಣ್ಣುಮುಚ್ಚಿ ಜಪ ಮಾಡುವಾಗ ಇಲ್ಲಿ ಒಬ್ಬ ಕೈಯೆತ್ತಿ ನಿಂತಿದ್ದ. ಹಾಗೆಲ್ಲ ಯೋಚಿಸುತ್ತಿದ್ದವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹದಿಹರೆಯದ ಮಗಳಿರುವ ಅಪ್ಪ, ಪಾರ್ಕಿಂಗಿನಲ್ಲಿ ಕೂತು, ಹೆಂಡತಿಯ ಹುಡುಗಿತನದ ಮೂರು ಕ್ಷಣವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಾನೆ. ಆಗ ಅವಳಿಗೆ ಇವನ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಯಾರನ್ನು ನೋಡಿ ನಕ್ಕರೆ ಇವನ ಗಂಟು ಏನು ಹೋಯಿತು? ಇದು ನ್ಯಾಯದ ಮಾತು. ಆದರೆ ನ್ಯಾಯದ ಮಾತಿನಿಂದ ಎದೆಯ ಉರಿ ತಣ್ಣಗಾಗುವುದಿಲ್ಲ.

ಸಂಜೆ ಹೆಂಡತಿಯನ್ನು ಕರೆದುಕೊಂಡು ಹೊರಟ. ಮಾರ್ಸೆಲಿನ್‌ಗೆ ಕ್ಲಿನಿಕ್ಕಿನಲ್ಲಿ ತಲೆನೋವಿನ ದಿನ. ಒಂದು ಮಗು ಕುರ್ಚಿಯಲ್ಲೇ ಡಾಕ್ಟರ ಬೆರಳು ಕಚ್ಚಿತ್ತು. ಅದನ್ನು ಹೇಳಿ ಅವಳು ಸೀಟಿಗೆ ತಲೆಯಾನಿಸಿ ಕಣ್ಣುಮುಚ್ಚಿದಳು. ಮಲಗಿದ ಆ ಮುಖದಲ್ಲಿ ವಿಡಿಯೋದ ಹುಡುಗಿ ಎಲ್ಲೂ ಇರಲಿಲ್ಲ. ಕಣ್ಣಿನ ಕೆಳಗೆ ಕಪ್ಪು, ಕತ್ತಿನಲ್ಲಿ ಗೆರೆ. ಈ ಮುಖ ನನ್ನದು, ಪೂರ್ತಿ ನನ್ನ ಕಾಲದಲ್ಲೇ ಆದದ್ದು, ಎಂದು ಗ್ಲಾಡ್ವಿನ್‌ಗೆ ಅನಿಸಿತು. ಆ ಯೋಚನೆ ಎಲ್ಲಿಂದ ಬಂತೋ ಅವನಿಗೆ ತಿಳಿಯಲಿಲ್ಲ, ಸಿಗ್ನಲ್ ಹಸಿರಾಯಿತು.

ಮನೆಯಲ್ಲಿ ಮಾವ ಎಂದಿನಂತೆ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಈ ಕೈಕಟ್ಟು ಗ್ಲಾಡ್ವಿನ್‌ಗೆ ಮೊದಲಿನಿಂದಲೂ ಮುಜುಗರ. ಮದುವೆಗಳಲ್ಲಿ ಬ್ಯಾಂಡಿನವರು ಬೈಲಾ ಶುರುಮಾಡಿದರೆ ಮೊಣಕಾಲು ನೋವಿನ ಅಜ್ಜಿಯರೂ ಎದ್ದು ಬರುತ್ತಾರೆ; ಲಿಗೋರಿ ಮಾತ್ರ ಗೋಡೆಗೆ ಬೆನ್ನು ಕೊಟ್ಟು, ಕೈಕಟ್ಟಿ, ಕುಣಿಯುವವರನ್ನು ಲಾಂಡ್ರಿಯ ಕಲೆ ಬಿದ್ದ ಚಾದರ ನೋಡಿದಂತೆ ನೋಡುತ್ತಾರೆ. ತೇರ್ಸ ಶುರುವಾಯಿತು. ಜಪಮಾಲೆಯ ಪ್ರಾರ್ಥನೆಯನ್ನು ನಡೆಸುವವರು ಅವರೇ. ಗ್ಲಾಡ್ವಿನ್ ಎರಡು ಕಡೆ ತಪ್ಪಿದ, ಮಾವ ಎರಡು ಕಡೆಯೂ ನಿಲ್ಲಿಸಿ ಕಾದರು. ಕೊನೆಗೆ ಎಲ್ಲರೂ ಎದ್ದು ಹಿರಿಯರ ಆಶೀರ್ವಾದ ಪಡೆದರು, ಪ್ರಿನ್ಸಿ ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿದಳು.

ಅವಳು ಇಂಗ್ಲಿಷಿನಲ್ಲೇ ಶುರುಮಾಡಿದಳು, ಕ್ಲಾಸಿನಲ್ಲಿ ಹೇಳುವ ಹಾಗೆ. ಮೊದಲು ಹುಡುಗನ ಶಾಟ್, ಆಮೇಲೆ ಹುಡುಗಿಯದು. ಇಬ್ಬರೂ ಒಂದೇ ಫ್ರೇಮಿನಲ್ಲಿ ಎಲ್ಲೂ ಇಲ್ಲ. ಹುಡುಗನ ಶರ್ಟು ಗಾಳಿಗೆ ಹಾರುತ್ತಿದೆ, ಹುಡುಗಿಯ ಶಾಲಿನ ಅಂಚೂ ಅಲ್ಲಾಡುತ್ತಿಲ್ಲ. ಇಬ್ಬರನ್ನು ಹತ್ತಿರ ತಂದದ್ದು ಪ್ರೀತಿಯಲ್ಲ, ಕತ್ತರಿ, ಸೇರಿಸಿದವನು ಪ್ರೇಕ್ಷಕ. ಗ್ಲಾಡ್ವಿನ್‌ಗೆ ಟೀವಿಯಲ್ಲಿದ್ದ ತನ್ನ ಎಳೇ ಮೀಸೆಯನ್ನು ನೋಡಲಾಗಲಿಲ್ಲ, ಸೋಫಾದ ದಾರ ಎಳೆಯುತ್ತ ಕೂತ. “ಮೊದಲು ನಾನು ಬರೆದದ್ದು, ಈ ಹುಡುಗಿಗೆ ತನ್ನ ನೋಟ ಇಲ್ಲ ಅಂತ,” ಎಂದು ಪ್ರಿನ್ಸಿ ಈಗ ಅಜ್ಜನಿಗಾಗಿ ಕೊಂಕಣಿಗೆ, ಕನ್ನಡಕ್ಕೆ ಹೊರಳಿದಳು. “ದಟ್ ವಾಸ್ ರಾಂಗ್. ಈ ಶಾಟ್‌ನಲ್ಲಿ ಒಂದು ನೆರಳು ಉಂಟು ನೋಡಿ. ಫ್ರೇಮಿನ ಹೊರಗೆ ಒಬ್ರು ಇದ್ದಾರೆ. ನಮಗೆ ಕಾಣುದಿಲ್ಲ, ಹುಡುಗಿಗೆ ಕಾಣ್ತದೆ. ಅಂದ್ರೆ ಇಲ್ಲಿ ನೋಡ್ತಾ ಇರುವವಳು ಅವಳು. ನೋಡಿಸಿಕೊಳ್ತಾ ಇರುವವರು ಒಬ್ಬ ಗಂಡಸು.” ನೆರಳಿಗೆ ಕೆಂಪು ವೃತ್ತ ಹಾಕಿದ ಚಿತ್ರ ಟೀವಿಯ ತುಂಬ ನಿಂತಿತು. ಎತ್ತಿದ ಆ ಕೈ ಈಗ ಬಾಗಿಲಷ್ಟು ದೊಡ್ಡದಿತ್ತು.

“ಯಾರದು?” ಎಂದ ಗ್ಲಾಡ್ವಿನ್. ಸ್ವರ ಅಷ್ಟು ಗಡುಸಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಪ್ರಿನ್ಸಿ ಅಮ್ಮನ ಮುಖ ನೋಡಿದಳು. ಮಾರ್ಸೆಲಿನ್ ಅಪ್ಪನ ಮುಖ ನೋಡಿದಳು. ಲಿಗೋರಿ ಗೋಡೆಯ ಮೇಲಿನ ಯೇಸುವಿನ ಚಿತ್ರ ನೋಡುತ್ತಿದ್ದರು.

“ಹೇಳ್ಲಾ ಪಪ್ಪಾ?” ಎಂದಳು ಮಾರ್ಸೆಲಿನ್.

“ಹೇಳು ಅಂತ ಮೊನ್ನೆಯೇ ಹೇಳಿದ್ದೇನಲ್ಲ. ಮಗುವಿನ ಮಾರ್ಕಿಗೆ ಬೇಕಾದ್ರೆ ಎಂತ ಮಾಡುದು?”

“ಗ್ಲಾಡ್, ನಗಾಡ್ಬೇಡ ಆಯ್ತಾ?” ಎಂದಳು ಅವಳು, ಆಗಲೇ ನಗುತ್ತ. “ಅವತ್ತು ಸ್ಟ್ಯಾನ್ಲಿ ಹೇಳಿದ, ಪ್ರೀತಿಯಿಂದ ನೋಡು ಅಂತ. ಯಾರನ್ನು ನೋಡುದು? ಎದುರಿಗೆ ಒಂದು ನೀರಿನ ಟ್ಯಾಂಕರ್ ನಿಂತಿತ್ತು. ಎಷ್ಟು ಸಲ ಮಾಡಿದ್ರೂ ಕಟ್, ಕಟ್. ಸ್ಟ್ಯಾನ್ಲಿ ತಲೆ ಚಚ್ಚಿಕೊಂಡ. ನಿನ್ನಿಂದ ಆಗುದಿಲ್ಲ, ಬೇರೆ ಹುಡುಗಿ ನೋಡ್ತೇವೆ ಅಂತ ಹೇಳಿಯೇ ಬಿಟ್ಟ. ನಂಗೆ ಅಳು ಬಂತು. ಆಗ ಕಾರಿನ ಬಾಗಿಲು ತೆಗೆದ ಶಬ್ದ. ಪಪ್ಪಾ ಇಳಿದು ಬಂದ್ರು. ಬೈಲಿಕ್ಕೆ ಬಂದದ್ದು, ಇನ್ನು ಮನೆಗೆ ಎಳ್ಕೊಂಡು ಹೋಗ್ತಾರೆ ಅಂತ ನಾನು ತಲೆ ತಗ್ಗಿಸಿ ನಿಂತೆ. ಹಾಡು ಹಾಕು ಅಂತ ಹೇಳಿದ್ರು ಸ್ಟ್ಯಾನ್ಲಿ ಹತ್ರ. ಹಾಕಿದ. ತಲೆ ಎತ್ತಿ ನೋಡ್ತೇನೆ, ಪಪ್ಪಾ ನನ್ನ ಎದುರು ನಿಂತು ನಿನ್ನ ಹಾಡಿಗೆ ಬಾಯಿ ಆಡಿಸ್ತಾ ಇದ್ದಾರೆ. ಒಂದು ಕೈ ಸೊಂಟಕ್ಕೆ, ಒಂದು ಕೈ ಮೇಲೆ. ಆಮೇಲೆ ಕುಣಿದ್ರು ಮಾರಾಯ! ನಮ್ಮ ಪಪ್ಪಾ! ಜಪಮಾಲೆ ಕೈಯಲ್ಲೇ ಉಂಟು. ಸ್ಟ್ಯಾನ್ಲಿಗೆ ನಗು ತಡಿಲಿಕ್ಕೆ ಆಗದೆ ಕ್ಯಾಮೆರಾ ಅಲ್ಲಾಡಿ ಹೋಯ್ತು. ಮತ್ತೆ ಇಬ್ಬರ ಹತ್ರವೂ ಆಣೆ ಹಾಕಿಸಿಕೊಂಡ್ರು, ಸತ್ರೂ ಯಾರಿಗೂ ಹೇಳ್ಬಾರ್ದು ಅಂತ.”

“ಹಾಡಿನ ಪದ ಪೂರ್ತಿ ಹೇಗೆ ಗೊತ್ತಿತ್ತು ಆಬ್?” ಪ್ರಿನ್ಸಿ ಅಜ್ಜನನ್ನು ಕೇಳಿದಳು.

“ಕೆಟ್ಟ ಶಬ್ದ ಉಂಟಾ ಅಂತ ನೋಡ್ಲಿಕ್ಕೆ ಕ್ಯಾಸೆಟ್ ತರಿಸಿ ತಿಂಗಳಿಡೀ ಕೇಳಿದ್ದೆ,” ಎಂದರು ಲಿಗೋರಿ. “ಇರ್ಲಿಲ್ಲ.”

ಗ್ಲಾಡ್ವಿನ್ ಟೀವಿಯನ್ನೇ ನೋಡುತ್ತಿದ್ದ. ಮೊದಲು ಆದದ್ದು ನಷ್ಟವೇ, ಸುಳ್ಳು ಹೇಳುವುದು ಬೇಡ. ಆ ನೋಟ ತನ್ನದಲ್ಲ, ಯಾವತ್ತೂ ಆಗಿರಲಿಲ್ಲ. ಅದಕ್ಕೆ ವಾರಸುದಾರರಿದ್ದರು, ಇದೇ ಕೋಣೆಯಲ್ಲಿ, ಕೈಕಟ್ಟಿ. ಮರುಕ್ಷಣ ಹೊಟ್ಟೆಯಿಂದ ನಗು ಬಂತು, ನಗುವಿನ ಜೊತೆಗೇ ಕಣ್ಣು ತುಂಬಿತು. ಕಾಂಪೌಂಡರನಂತೆ, ಕ್ವಾಯರಿನವನಂತೆ! ಛೆ, ಎಂಥ ಮೂರ್ಖ ತಾನು. ಒಬ್ಬ ಬಿಗುಮಾನದ ಮನುಷ್ಯ, ಊರವರ ಬೆರಳಿಗೆ ಹೆದರಿ ಮಗಳನ್ನು ಒಂದು ಫೋಟೋದಲ್ಲೂ ಪರಗಂಡಸಿನ ಪಕ್ಕ ನಿಲ್ಲಿಸದವರು, ಅವಳ ಕಣ್ಣೀರು ನೋಡಲಾಗದೆ ಬಿಸಿಲಿಗಿಳಿದು ಕುಣಿದಿದ್ದರು, ಇವನು ಕಟ್ಟಿದ ಹಾಡಿಗೆ, ಇವನು ನಿಲ್ಲಬೇಕಾಗಿದ್ದ ಜಾಗದಲ್ಲಿ. ಅದಕ್ಕೇ ಆ ಕಣ್ಣು ಅಷ್ಟು ಅಗಲವಾದದ್ದು. ಅವಳು ಅಪ್ಪನನ್ನು ಹಾಗೆ ನೋಡಿದ್ದಳು, ಸ್ಟ್ಯಾನ್ಲಿ ಅದನ್ನು ಕತ್ತರಿಸಿ ಇವನ ಎದುರಿಗಿಟ್ಟಿದ್ದ, ಇವನು ಅದನ್ನು ತಿಂದು ಬದುಕಿದ್ದ. ಕೊಟ್ಟವರು ಯಾರೆಂದು ತಿಳಿಯದೆಯೇ ಉಂಡಿದ್ದ. ಅದರಿಂದಾಗಿ ಎಷ್ಟು ಜಗಳ ಮುಗಿದಿತ್ತು, ಎಷ್ಟು ಚಹಾ ಆಗಿತ್ತು! ಯಾರದಾದರೇನು, ಹೊಟ್ಟೆ ತುಂಬಿದ್ದು ನಿಜ.

ಎದ್ದು ಮಾವನ ಕುರ್ಚಿಯ ಹತ್ತಿರ ಹೋದ. ಏನು ಹೇಳುವುದು? ಕೊಂಕಣಿಯಲ್ಲಿ ಉಪಕಾರ ಸ್ಮರಿಸಲು ‘ದೇವ್ ಬರೆಂ ಕರುಂ’ ಎನ್ನುತ್ತಾರೆ, ದೇವರು ಒಳ್ಳೆಯದು ಮಾಡಲಿ ಅಂತ. ಚರ್ಚಿನಲ್ಲಿ ಭಾಷಣದ ಕೊನೆಗೆ, ಪಾದ್ರಿಗಳಿಗೆ, ಹೊರಗಿನವರಿಗೆ ಹೇಳುವ ಮಾತು. ಮನೆಯವರಿಗೆ ಮನೆಯವರು ಹೇಳುವುದಿಲ್ಲ; ಹೇಳಿದರೆ ಏನೋ ಆಗಿದೆ ಎಂದುಕೊಳ್ಳುತ್ತಾರೆ. ಅವನು ಕುರ್ಚಿಯ ಪಕ್ಕ ಮಂಡಿಯೂರಿ ಕೂತು, ಕಿವಿ ಮಂದವಾದ ಮುದುಕರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅದನ್ನೇ ಹೇಳಿದ.

“ದೇವ್ ಬರೆಂ ಕರುಂ, ಮಾಂವ್.”

“ಎಂತಕ್ಕೆ?” ಲಿಗೋರಿ ಗಾಬರಿಯಾದರು.

“ನನ್ನ ಜಾಗದಲ್ಲಿ ನಿಂತದ್ದಕ್ಕೆ.”

ಲಿಗೋರಿ ಕಟ್ಟಿದ್ದ ಕೈ ಬಿಚ್ಚಿದರು, ಎಲ್ಲಿಡುವುದೆಂದು ತಿಳಿಯದವರಂತೆ ಮಂಡಿಯ ಮೇಲಿಟ್ಟುಕೊಂಡರು. “ನಾನು ನಿಂತದ್ದು ಒಂದು ಹಾಡಿಗೆ. ಅಷ್ಟಕ್ಕೇ ಸೊಂಟ ಹಿಡಿದು ಎರಡು ದಿನ ಡ್ಯೂಟಿಗೆ ಹೋಗ್ಲಿಕ್ಕೆ ಆಗ್ಲಿಲ್ಲ,” ಎಂದರು. “ಮತ್ತೆ ನಿನ್ನ ಸಂಬಂಧ ಬಂತು. ನನ್ನ ಹೆಂಡ್ತಿ ಸಂಬಳ ಎಷ್ಟು, ಮನೆ ಉಂಟಾ ಅಂತೆಲ್ಲ ಕೇಳಿದ್ಳು. ನಾನು ಹೇಳಿದೆ, ಇವಳನ್ನು ನಗಿಸುದು ಭಾರೀ ಕೆಲಸ, ಇನ್ನು ನನ್ನಿಂದ ಆಗುದಿಲ್ಲ. ಪದ ಕಟ್ಟಿದವ ಅವನಲ್ವಾ, ಅವನೇ ಮಾಡ್ಲಿ ಅಂತ.”

ಟೀವಿಯ ಬೆಳಕಿನಲ್ಲಿ ಅವರು ಅಳಿಯನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಮಾರ್ಸೆಲಿನ್ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಮಾಡಿದ್ದೀ ನೀನು,” ಎಂದರು ಲಿಗೋರಿ.